ಹೊಸ್ತಿಲಿಲ್ಲದ ಮನೆ, ಕೈಯಿಂದ ನಡೆವ ಕಾರು

ನ್ಯೂಯಾರ್ಕ್ ಮಹಾನಗರವನ್ನು ಬಿಟ್ಟು ಹಡ್ಸನ್ ನದಿಯ ಪೂರ್ವದ ದಂಡೆಯನ್ನು ಹಿಡಿದು ಉತ್ತರಕ್ಕೆ ಸುಮಾರು ೯೦ ಮೈಲಿ ಸಾಗಿದರೆ ಹೈಡ್ ಪಾರ್ಕ್ ಎಂಬ ಊರು ಸಿಕ್ಕುತ್ತದೆ. ಹೆದ್ದಾರಿಯಿಂದ ಒಳಕ್ಕೆ ತಿರುಗಿದರೆ ಮರಗಳ ಸಾಲಿನ ನಡುವೆ ನೇರವಾದ ಒಂದು ಹಾದಿ. ಹಾದಿಯ ಕೊನೆಗೆ ಸ್ಪ್ರಿಂಗ್‌ವುಡ್ ಎಂಬ ಹಿರಿಯ ಮನೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷ ಪದವಿಗೆ ನಾಲ್ಕು ಸಲ ಚುನಾಯಿತರಾದ ಏಕೈಕ ವ್ಯಕ್ತಿ ಫ್ರಾಂಕ್ಲಿನ್ ಡೆಲನೊ ರೂಸ್‌ವೆಲ್ಟರು ೧೮೮೨ರ ಜನವರಿ ೩೦ರಂದು ಹುಟ್ಟಿದ್ದು ಈ ಮನೆಯಲ್ಲಿ. ೧೯೪೫ರಲ್ಲಿ ಅವರನ್ನು ಮಣ್ಣುಮಾಡಿದ್ದು ಇದರ ಮಗ್ಗುಲಿನ ಗುಲಾಬಿ ತೋಟದಲ್ಲಿ.

ಇಲ್ಲಿಗೆ ಬರುವ ಪ್ರವಾಸಿಗರಲ್ಲಿ ಬಹುಮಂದಿ ಅಧ್ಯಕ್ಷರ ಗ್ರಂಥಾಲಯವನ್ನೂ ಅವರ ಮೇಜನ್ನೂ ನದಿಯ ಕಡೆಗಿನ ನೋಟವನ್ನೂ ಕಂಡು ಸಂತೋಷಪಟ್ಟು ಹಿಂದಿರುಗುತ್ತಾರೆ. ಆದರೆ ಕಾಲು ಮುರಿದು ಮಲಗಿದ ತಂದೆಯನ್ನೋ, ಸೊಂಟದ ಮೂಳೆ ಮುರಿದ ಅಜ್ಜಿಯನ್ನೋ ಮನೆಯಲ್ಲಿಟ್ಟುಕೊಂಡು ಆರೈಕೆ ಮಾಡಿದವರ ಕಣ್ಣು ಬೇರೆ ವಸ್ತುಗಳ ಮೇಲೆ ಹೋಗಿ ನಿಲ್ಲುತ್ತದೆ: ಮೆಟ್ಟಿಲಿರಬೇಕಾದ ಕಡೆ ಹಾಕಿದ ಇಳಿಜಾರು, ಗೂಡಿನಂಥ ಸಣ್ಣ ಲಿಫ್ಟು, ಅಡುಗೆಮನೆಯ ಕುರ್ಚಿಗೆ ಗಾಲಿ ಜೋಡಿಸಿದ ಆಸನ. ನಡೆಯಲಾರದ ಒಬ್ಬ ಮನುಷ್ಯನಿಗಾಗಿ ಮನೆಯನ್ನು ತಿದ್ದಿದ ಗುರುತುಗಳಿವು. ರೂಸ್‌ವೆಲ್ಟರ ಕಾಲುಗಳು ಗುಣವಾಗಲಿಲ್ಲ. ಆದರೂ ಅವರು ಚೇತರಿಸಿಕೊಂಡರು. ಈ ಎರಡು ಮಾತುಗಳು ಹೇಗೆ ಒಟ್ಟಿಗೆ ನಿಜವಾದುವು ಎಂಬುದನ್ನು ತಿಳಿಯಬೇಕಾದರೆ ಅವರು ವಾಸಮಾಡಿದ ಮನೆಗಳನ್ನೂ ನಡೆಸಿದ ಕಾರುಗಳನ್ನೂ ನೋಡಬೇಕು.

ಹಗ್ಗ ಎಳೆದು ಏರಿದ ಮಹಡಿ

೧೯೨೧ರ ಆಗಸ್ಟ್ ತಿಂಗಳು. ಕೆನಡಾ ದೇಶದ ಕ್ಯಾಂಪೊಬೆಲ್ಲೊ ದ್ವೀಪದಲ್ಲಿದ್ದ ತಮ್ಮ ಬೇಸಗೆಯ ಮನೆಗೆ ರೂಸ್‌ವೆಲ್ಟರು ಸಂಸಾರಸಮೇತ ವಿಶ್ರಾಂತಿಗೆ ಹೋಗಿದ್ದರು. ಆಗ ಅವರಿಗೆ ೩೯ ವರ್ಷ. ಎತ್ತರದ ಆಳು, ಈಜುಗಾರ, ದೋಣಿ ನಡೆಸುವುದರಲ್ಲಿ ನಿಪುಣ. ಹಿಂದಿನ ವರ್ಷವಷ್ಟೇ ಉಪಾಧ್ಯಕ್ಷ ಪದವಿಗೆ ಸ್ಪರ್ಧಿಸಿ ಸೋತಿದ್ದರು. ಒಂದು ಸಂಜೆ ಚಳಿಯೆಂದು ಮಲಗಿದವರಿಗೆ ಕೆಲವೇ ದಿನಗಳಲ್ಲಿ ಸೊಂಟದಿಂದ ಕೆಳಗೆ ಶಕ್ತಿ ಉಡುಗಿಹೋಯಿತು. ಪರೀಕ್ಷಿಸಿದ ತಜ್ಞರು ಪೋಲಿಯೊ ಎಂದರು. ೨೦೦೩ರಲ್ಲಿ ಕೆಲವು ವೈದ್ಯರು, ಅದು ಪೋಲಿಯೊ ಆಗಿರದೆ ಗಿಲನ್-ಬಾರೆ ಎಂಬ ನರರೋಗವಾಗಿದ್ದಿರಬಹುದೆಂದು ವಾದಿಸಿದರು. ರೋಗದ ಹೆಸರು ಯಾವುದೇ ಇರಲಿ, ಆ ಮೇಲೆ ಅವರು ಆಸರೆಯಿಲ್ಲದೆ ನಡೆಯಲಿಲ್ಲ.

ಮುಂದೇನು ಎಂಬ ಪ್ರಶ್ನೆ ಮನೆಯಲ್ಲಿ ಎರಡು ಪಕ್ಷಗಳನ್ನು ಹುಟ್ಟಿಸಿತು. ತಾಯಿ ಸಾರಾ ಅವರಿಗೆ, ಮಗನು ಹೈಡ್ ಪಾರ್ಕಿನ ಹಿರಿಯರ ಮನೆಯಲ್ಲಿ ಜಮೀನು ನೋಡಿಕೊಂಡು, ಪುಸ್ತಕ ಓದಿಕೊಂಡು ನೆಮ್ಮದಿಯಾಗಿರಲಿ ಎಂಬ ಆಸೆ. ಪತ್ನಿ ಎಲಿನಾರ್ ಮತ್ತು ಆಪ್ತ ಸಲಹೆಗಾರ ಲೂಯಿ ಹೌ ಇದನ್ನು ಒಪ್ಪಲಿಲ್ಲ. ಅವರು ಸಾರ್ವಜನಿಕ ಜೀವನಕ್ಕೆ ಮರಳಲೇಬೇಕೆಂಬುದು ಇವರಿಬ್ಬರ ಹಟ. ತಾಯಿಯದು ಪ್ರೀತಿಯಲ್ಲವೆಂದು ಯಾರೂ ಹೇಳಲಾರರು. ಆದರೆ ರೋಗಿಯನ್ನು ಸುಖವಾಗಿಡುವುದಕ್ಕೂ ಅವನ ಬಾಳನ್ನು ಅವನಿಗೆ ಹಿಂದಿರುಗಿಸುವುದಕ್ಕೂ ವ್ಯತ್ಯಾಸವುಂಟು. ಈ ವ್ಯತ್ಯಾಸವನ್ನು ರೂಸ್‌ವೆಲ್ಟರು ತಾವೇ ಕಂಡುಕೊಂಡು, ಮುಂದಿನ ವರ್ಷಗಳಲ್ಲಿ ಮರದಲ್ಲಿ, ಕಬ್ಬಿಣದಲ್ಲಿ, ಕಲ್ಲಿನಲ್ಲಿ ಅದಕ್ಕೆ ರೂಪ ಕೊಟ್ಟರು.

ಸ್ಪ್ರಿಂಗ್‌ವುಡ್ ಮನೆಯು ನಡೆಯಬಲ್ಲವರಿಗಾಗಿ ಕಟ್ಟಿದ್ದು. ಮಲಗುವ ಕೋಣೆಗಳು ಮಹಡಿಯ ಮೇಲೆ. ಮನೆಯಲ್ಲಿ ಪೆಟ್ಟಿಗೆಗಳನ್ನು ಮೇಲಕ್ಕೆ ಸಾಗಿಸುವುದಕ್ಕಾಗಿ ಹಗ್ಗ, ರಾಟೆಗಳಿಂದ ನಡೆಯುವ ಒಂದು ಲಿಫ್ಟು ಇತ್ತು. ರೂಸ್‌ವೆಲ್ಟರು ಅದನ್ನೇ ತಮ್ಮ ವಾಹನ ಮಾಡಿಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತು ಅದರೊಳಕ್ಕೆ ಸೇರಿ, ಹಗ್ಗವನ್ನು ಕೈಯಿಂದ ಎಳೆದುಕೊಳ್ಳುತ್ತ ತಾವೇ ಮೇಲಕ್ಕೆ ಏರುತ್ತಿದ್ದರು. ವಿದ್ಯುತ್ತಿನ ಲಿಫ್ಟು ಹಾಕಿಸುವಷ್ಟು ಐಶ್ವರ್ಯ ಇಲ್ಲದವರೇನೂ ಅಲ್ಲ. ಮನೆಗೆ ಬೆಂಕಿ ಬಿದ್ದು ವಿದ್ಯುತ್ತು ನಿಂತುಹೋದರೆ ನಡುವೆ ಸಿಕ್ಕಿಕೊಂಡೇನೆಂಬ ಭಯ ಅವರಿಗೆ ಇತ್ತು. ಕಾಲಿಲ್ಲದವನಿಗೆ ಬೆಂಕಿಯಷ್ಟು ದೊಡ್ಡ ಶತ್ರು ಇನ್ನೊಂದಿಲ್ಲ. ಆಪತ್ತಿನಲ್ಲಿ ಪಾರಾಗಲೆಂದು ಅವರು ನೆಲದ ಮೇಲೆ ತೆವಳುವುದನ್ನೂ ಅಭ್ಯಾಸ ಮಾಡಿದ್ದರು. ಹಗ್ಗದ ಲಿಫ್ಟು ಅವರ ತೋಳುಗಳಿಗೆ ಬಲವನ್ನೂ, ಮನಸ್ಸಿಗೆ ಧೈರ್ಯವನ್ನೂ ಕೊಟ್ಟಿತು.

ಗಾಲಿಕುರ್ಚಿಯ ಕಥೆಯೂ ಇಂಥದೇ. ಆ ಕಾಲದ ಗಾಲಿಕುರ್ಚಿಗಳು ಬೆತ್ತ ಹೆಣೆದ ಭಾರವಾದ ಸಿಂಹಾಸನಗಳಂತಿದ್ದುವು. ಸಾಧಾರಣ ಬಾಗಿಲಲ್ಲಿ ತೂರುವುದೇ ಕಷ್ಟ. ಕುಳಿತವನನ್ನು ನೋಡಿದೊಡನೆ ರೋಗಿಯೆಂದು ಸಾರುವ ರೂಪ ಬೇರೆ. ರೂಸ್‌ವೆಲ್ಟರು ಕೈಗಳಿಲ್ಲದ ಸಾಮಾನ್ಯ ಮರದ ಕುರ್ಚಿಯೊಂದನ್ನು ತೆಗೆದುಕೊಂಡು, ಅದರ ಕಾಲುಗಳ ಜಾಗದಲ್ಲಿ ಗಾಲಿಗಳ ಚೌಕಟ್ಟನ್ನು ಜೋಡಿಸಿಸಿದರು. ಕುರ್ಚಿ ಕಿರಿದಾದುದರಿಂದ ಯಾವ ಬಾಗಿಲಲ್ಲಿಯೂ, ಆ ಪೆಟ್ಟಿಗೆಯ ಲಿಫ್ಟಿನಲ್ಲಿಯೂ ನುಸುಳುತ್ತಿತ್ತು. ಕೈಗಳಿಲ್ಲದುದರಿಂದ ಪಕ್ಕದ ಸೋಫಾಕ್ಕೋ ಮೇಜಿನ ಮುಂದಿನ ಕುರ್ಚಿಗೋ ಜರುಗಿ ಕೂರುವುದು ಸುಲಭವಾಯಿತು. ಅವರಿಗೆ ಅದು ದಿನವಿಡೀ ಕುಳಿತಿರುವ ಆಸನವಲ್ಲ, ಒಂದು ಆಸನದಿಂದ ಇನ್ನೊಂದು ಆಸನಕ್ಕೆ ದಾಟಿಸುವ ದೋಣಿ.

ಅದೇ ಕಾಲದಲ್ಲಿ ಮನೆಯ ಮುಂದಿನ ಹಾದಿಯ ಮೇಲೆ ಇನ್ನೊಂದು ಹೋರಾಟ ನಡೆದಿತ್ತು. ಸೊಂಟದಿಂದ ಪಾದದವರೆಗೆ ಉಕ್ಕಿನ ಪಟ್ಟಿಗಳನ್ನು ಕಟ್ಟಿಕೊಂಡು, ಎರಡು ಕಂಕುಳಲ್ಲಿಯೂ ಊರುಗೋಲು ಇಟ್ಟುಕೊಂಡು, ಹೆದ್ದಾರಿಯ ತುದಿಯವರೆಗೂ ನಡೆದೇ ತೀರುವೆನೆಂದು ಅವರು ದಿನದಿನವೂ ಹೊರಡುತ್ತಿದ್ದರು. ಬೆವರು ಸುರಿಯುತ್ತ, ಬಿದ್ದು ಎದ್ದು, ಸ್ವಲ್ಪ ದೂರ ಹೋಗಿ ಹಿಂದಿರುಗುವುದು. ನೇರವಾದ ಆ ಹಾದಿಯನ್ನು ಮನೆಯ ಬಾಗಿಲಿನಲ್ಲಿ ನಿಂತು ನೋಡುವ ಪ್ರವಾಸಿಗನಿಗೆ ಅದು ಐದು ನಿಮಿಷದ ನಡಿಗೆ. ರೂಸ್‌ವೆಲ್ಟರ ಪಾಲಿಗೆ ಅದು ಮುಗಿಯದ ಯಾತ್ರೆಯಾಗಿತ್ತು.

ಬಿಸಿನೀರಿನ ಊರು

ಕಾಲು ಮರಳಿ ಬಂದೀತೆಂಬ ಆಸೆಯೇ ಅವರನ್ನು ೧೯೨೪ರ ಅಕ್ಟೋಬರಿನಲ್ಲಿ ದಕ್ಷಿಣದ ಜಾರ್ಜಿಯಾ ಸಂಸ್ಥಾನಕ್ಕೆ ಎಳೆದುತಂದಿತು. ಅಟ್ಲಾಂಟಾ ನಗರದಿಂದ ನೈಋತ್ಯಕ್ಕೆ ಸುಮಾರು ೭೦ ಮೈಲಿ ದೂರದಲ್ಲಿ, ಪೈನ್ ಮೌಂಟನ್ ಎಂಬ ಬೆಟ್ಟದ ಸಾಲಿನ ಬುಡದಲ್ಲಿ ವಾರ್ಮ್ ಸ್ಪ್ರಿಂಗ್ಸ್ ಇದೆ. ಬೆಟ್ಟದ ಮೇಲೆ ಸುರಿದ ಮಳೆ ಬಂಡೆಗಳ ಸೀಳುಗಳಲ್ಲಿ ಬಹಳ ಆಳಕ್ಕೆ ಇಳಿದು, ಭೂಮಿಯ ಕಾವಿಗೆ ಬೆಚ್ಚಗಾಗಿ, ಬುಡದಲ್ಲಿ ಮತ್ತೆ ಮೇಲಕ್ಕೆ ಚಿಮ್ಮುತ್ತದೆ. ನೀರಿನ ಉಷ್ಣತೆ ವರ್ಷದ ಎಲ್ಲ ಋತುಗಳಲ್ಲಿಯೂ ೮೮ ಡಿಗ್ರಿ ಫ್ಯಾರನ್‌ಹೀಟ್, ಅಂದರೆ ೩೧ ಡಿಗ್ರಿ ಸೆಲ್ಸಿಯಸ್. ಮೈಗೆ ಹಿತವಾದ ಉಗುರುಬೆಚ್ಚಗೆ. ಪೋಲಿಯೊ ಬಡಿದ ಯುವಕನೊಬ್ಬನು ಈ ಕೊಳದಲ್ಲಿ ಈಜಿ ಈಜಿ ಬಲ ಪಡೆದನೆಂಬ ಸುದ್ದಿಯನ್ನು ಜಾರ್ಜ್ ಫಾಸ್ಟರ್ ಪೀಬಡಿ ಎಂಬ ಧನಿಕರು ರೂಸ್‌ವೆಲ್ಟರಿಗೆ ತಿಳಿಸಿದ್ದರು.

ನೀರಿಗೆ ಇಳಿದ ಮೇಲೆ ಶರೀರದ ಭಾರವನ್ನು ನೀರೇ ಹೊತ್ತಿತು. ದಡದಲ್ಲಿ ನಿಲ್ಲಲಾರದ ಕಾಲುಗಳು ಎದೆಮಟ್ಟದ ನೀರಿನಲ್ಲಿ ನಿಂತುವು. ಬೆಚ್ಚನೆಯ ನೀರಾದುದರಿಂದ ನಡುಕ ಹುಟ್ಟದೆ ಬಹಳ ಹೊತ್ತು ಅಂಗಸಾಧನೆ ಮಾಡಬಹುದಾಗಿತ್ತು. ಇದರಲ್ಲಿ ಪವಾಡವೇನೂ ಇಲ್ಲ. ಸತ್ತ ನರವನ್ನು ಯಾವ ನೀರೂ ಬದುಕಿಸಲಾರದು. ಉಳಿದ ಸ್ನಾಯುಗಳಿಗೆ ಬಲ ಬಂದೀತು, ಅಷ್ಟೇ. ಆದರೆ ಮೂರು ವರ್ಷಗಳ ನಿರಾಶೆಯ ಮೇಲೆ ಆ ಅಷ್ಟೇ ದೊಡ್ಡದಾಗಿ ಕಂಡಿತು.

ಈ ಸಮಾಚಾರ ಪತ್ರಿಕೆಗಳಲ್ಲಿ ಬಂದುದೇ ತಡ, ಮರುವರ್ಷ ದೇಶದ ನಾನಾ ಮೂಲೆಗಳಿಂದ ರೋಗಿಗಳು ಹೇಳದೆ ಕೇಳದೆ ರೈಲಿನಲ್ಲಿ ಬಂದಿಳಿದರು. ಅಲ್ಲಿದ್ದ ಹಳೆಯ ಹೋಟೆಲಿನ ಇತರ ಅತಿಥಿಗಳು ರೋಗ ತಮಗೂ ಅಂಟೀತೆಂದು ಹೆದರಿ, ಇವರೊಡನೆ ಉಣ್ಣಲೂ ಒಂದೇ ಕೊಳದಲ್ಲಿ ಈಜಲೂ ಒಪ್ಪಲಿಲ್ಲ. ರೂಸ್‌ವೆಲ್ಟರು ರೋಗಿಗಳಿಗೆ ಬೇರೆ ಊಟದ ವ್ಯವಸ್ಥೆ ಮಾಡಿಸಿ, ತಾವೇ ಅವರಿಗೆ ನೀರಿನಲ್ಲಿ ಅಂಗಸಾಧನೆ ಹೇಳಿಕೊಟ್ಟು, ಹಾಸ್ಯಕ್ಕೆ ತಮ್ಮನ್ನು ಡಾಕ್ಟರ್ ರೂಸ್‌ವೆಲ್ಟ್ ಎಂದು ಕರೆದುಕೊಂಡರು. ೧೯೨೬ರಲ್ಲಿ ಸುಮಾರು ೨ ಲಕ್ಷ ಡಾಲರು ತೆತ್ತು ಆ ಸ್ಥಳವನ್ನೇ ಕೊಂಡುಬಿಟ್ಟರು. ಅದು ಅವರ ಸ್ವಂತ ಆಸ್ತಿಯ ಬಹುಪಾಲು. ೧೯೨೭ರಲ್ಲಿ ಅದನ್ನು ಒಂದು ಧರ್ಮಸಂಸ್ಥೆಯಾಗಿ ಮಾಡಿದರು.

ವಾರ್ಮ್ ಸ್ಪ್ರಿಂಗ್ಸಿನ ನಿಜವಾದ ಹೊಸತನ ನೀರಿಗಿಂತಲೂ ನೆಲದಲ್ಲಿತ್ತು. ಕಟ್ಟಡದಿಂದ ಕಟ್ಟಡಕ್ಕೆ ಇಳಿಜಾರಿನ ಹಾದಿಗಳಾದುವು. ಗಾಲಿಕುರ್ಚಿಯನ್ನು ತಳ್ಳುವುದಕ್ಕೆ ಹುಡುಗರನ್ನು ನೇಮಿಸಿದರು. ಊಟ, ನಾಟಕ, ಇಸ್ಪೀಟು, ಹಬ್ಬ ಎಲ್ಲವೂ ಸಾಮೂಹಿಕವಾಗಿ ನಡೆದುವು. ಹೊರಗಿನ ಊರುಗಳಲ್ಲಿ ಹಿತ್ತಲಿನ ಕೋಣೆಯಲ್ಲಿ ಬಚ್ಚಿಟ್ಟಿದ್ದ ಮಕ್ಕಳು ಇಲ್ಲಿ ನಾಲ್ಕು ಜನರ ನಡುವೆ ಕೂತು ನಕ್ಕರು. ಎಲ್ಲರೂ ಗಾಲಿಯ ಮೇಲಿರುವ ಊರಿನಲ್ಲಿ ಗಾಲಿಯ ಮೇಲಿರುವುದು ವಿಶೇಷವೆನಿಸಲಿಲ್ಲ.

ಆದರೆ ಈ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಹೇಳಬೇಕು. ಆ ಕಾಲದ ದಕ್ಷಿಣ ಸಂಸ್ಥಾನಗಳ ವರ್ಣಭೇದ ಇಲ್ಲಿಯೂ ನಡೆದಿತ್ತು. ಅಡುಗೆ, ಆರೈಕೆಗಳಲ್ಲಿ ಕರಿಯ ಜನರು ದುಡಿಯುತ್ತಿದ್ದರು. ಅವರ ಮಗುವಿಗೆ ಪೋಲಿಯೊ ಬಂದರೆ ಇಲ್ಲಿ ಚಿಕಿತ್ಸೆ ದೊರೆಯುತ್ತಿರಲಿಲ್ಲ. ೧೯೪೧ರಲ್ಲಿ ನೆರೆಯ ಅಲಬಾಮಾ ಸಂಸ್ಥಾನದ ಟಸ್ಕೀಗಿ ವಿದ್ಯಾಸಂಸ್ಥೆಯಲ್ಲಿ ಅವರಿಗಾಗಿ ಪ್ರತ್ಯೇಕ ಚಿಕಿತ್ಸಾಲಯವು ತೆರೆಯಿತು. ಇಳಿಜಾರಿನ ಹಾದಿ ಹಾಕಿದವರೂ ಕೆಲವು ಹೊಸ್ತಿಲುಗಳನ್ನು ಹಾಗೆಯೇ ಉಳಿಸಿದ್ದರು.

ಕೈಗೆ ಬಂದ ಕಾಲಿನ ಕೆಲಸ

ಮನೆಯೊಳಗೆ ಗಾಲಿಕುರ್ಚಿ ಸಾಕು. ಊರು ಸುತ್ತಲು ಸಾಲದು. ಯಾರಾದರೂ ಕಾರು ನಡೆಸಿಕೊಂಡು ಬರುವವರೆಗೆ ಕಾಯುವುದು ರೂಸ್‌ವೆಲ್ಟರ ಸ್ವಭಾವವಲ್ಲ. ವಾರ್ಮ್ ಸ್ಪ್ರಿಂಗ್ಸಿನಲ್ಲಿ ಅವರು ಹಳೆಯ ಟಿ ಮಾದರಿಯ ಫೋರ್ಡ್ ಕಾರೊಂದನ್ನು ಕೊಂಡು, ಸ್ಥಳೀಯ ಕುಶಲಿಯೊಬ್ಬನಿಂದ ಅದಕ್ಕೆ ಕೈಯಿಂದ ನಡೆಸುವ ಹಿಡಿಗಳನ್ನು ಮಾಡಿಸಿದರು.

ಟಿ ಮಾದರಿಯ ಕಾರು ಇದಕ್ಕೆ ಒಂದು ರೀತಿಯಲ್ಲಿ ಅನುಕೂಲವಾಗಿತ್ತು. ಅದರಲ್ಲಿ ವೇಗ ಹೆಚ್ಚಿಸುವ ಹಿಡಿ ಮೊದಲಿನಿಂದಲೂ ಸ್ಟಿಯರಿಂಗ್ ಚಕ್ರದ ಕೆಳಗೆಯೇ ಇರುತ್ತಿತ್ತು. ಬೆರಳಿನಿಂದ ಸರಿಸಿದರೆ ಸಾಕು. ಕಾಲಿಗೆ ಇದ್ದದ್ದು ಮೂರು ಪೆಡಲು: ಒಂದು ಗೇರಿನದು, ಒಂದು ಹಿಂದಕ್ಕೆ ಹೋಗುವುದಕ್ಕೆ, ಒಂದು ಬ್ರೇಕಿನದು. ಪೆಡಲನ್ನು ಒತ್ತುವ ಕೆಲಸವನ್ನು ಸರಳುಗಳ ಮೂಲಕ ಕೈಗೆ ತರಬೇಕು, ಅಷ್ಟೆ. ಸನ್ನೆಗೋಲಿನಿಂದ ಬಂಡೆ ಎತ್ತುವವನು ಬಲ್ಲ ತತ್ತ್ವವೇ ಇದು: ಹಿಡಿ ಉದ್ದವಾದಷ್ಟೂ ಕೈಗೆ ಶ್ರಮ ಕಡಿಮೆ. ಮುಂದೆ ಅವರು ಕೊಂಡ ಫೋರ್ಡ್ ಕಾರುಗಳಲ್ಲಿ ಕ್ಲಚ್ಚು, ಬ್ರೇಕುಗಳನ್ನು ಇಂಥ ಕೈಹಿಡಿಗಳಿಂದಲೇ ನಡೆಸುವ ಏರ್ಪಾಡು ಇತ್ತು. ೧೯೩೬ರ ಫೋರ್ಡ್ ಫೇಟನ್ ಇಂದಿಗೂ ಹೈಡ್ ಪಾರ್ಕಿನ ಗ್ರಂಥಾಲಯದ ವಸ್ತುಸಂಗ್ರಹಾಲಯದಲ್ಲಿದೆ. ಹೊತ್ತಿಸಿದ ಸಿಗರೇಟನ್ನು ನೀಡುವ ಒಂದು ಸಣ್ಣ ಯಂತ್ರವೂ ಅದರಲ್ಲಿ ಜೋಡಿಸಿದೆ. ಎರಡು ಕೈಗಳಿಗೂ ಕೆಲಸವಿರುವವನು ಬೆಂಕಿಕಡ್ಡಿ ಗೀರುವುದೆಲ್ಲಿ? ೧೯೩೮ರ ಇನ್ನೊಂದು ಫೋರ್ಡ್ ಕಾರು ಜಾರ್ಜಿಯಾದ ಮನೆಯಲ್ಲಿ ಉಳಿದಿದೆ.

ಕಾರಿನಲ್ಲಿ ಕುಳಿತವರೆಲ್ಲರೂ ಸಮಾನರು. ನಡೆಯಬಲ್ಲವನೂ ಅಲ್ಲಿ ಕುಳಿತೇ ಇರಬೇಕು. ಸ್ಟಿಯರಿಂಗ್ ಚಕ್ರದ ಹಿಂದೆ ಕುಳಿತ ರೂಸ್‌ವೆಲ್ಟರನ್ನು ದಾರಿಯಲ್ಲಿ ಕಂಡವನಿಗೆ ಅಗಲವಾದ ಹೆಗಲೂ ನಗುಮುಖವೂ ಕಾಣುತ್ತಿದ್ದುವಲ್ಲದೆ ಉಕ್ಕಿನ ಪಟ್ಟಿ ಕಾಣುತ್ತಿರಲಿಲ್ಲ. ಕೆಂಪುಮಣ್ಣಿನ ರಸ್ತೆಗಳಲ್ಲಿ ಹೊರಟು, ಹತ್ತಿಯ ಹೊಲದ ಬೇಲಿಯ ಹತ್ತಿರ ನಿಲ್ಲಿಸಿ, ಕೆಳಗಿಳಿಯದೆಯೇ ರೈತರನ್ನು ಕರೆದು ಬೆಳೆ, ಬೆಲೆ, ಸಾಲಗಳ ಮಾತನಾಡುತ್ತಿದ್ದರು. ಹಡ್ಸನ್ ತೀರದ ಶ್ರೀಮಂತನಿಗೆ ದಕ್ಷಿಣದ ಬಡತನದ ಪರಿಚಯವಾದದ್ದು ಈ ಕಾರಿನ ಕಿಟಕಿಯಿಂದ.

ಆರು ಕೋಣೆಗಳ ಶ್ವೇತಭವನ

ವಾರ್ಮ್ ಸ್ಪ್ರಿಂಗ್ಸಿನ ಬೆಟ್ಟದ ಇಳಿಜಾರಿನಲ್ಲಿ ೧೯೩೨ರಲ್ಲಿ ರೂಸ್‌ವೆಲ್ಟರು ತಮಗೊಂದು ಸ್ವಂತ ಮನೆ ಕಟ್ಟಿಸಿದರು. ವಾಸ್ತುಶಿಲ್ಪಿ ಹೆನ್ರಿ ಟೂಮ್ಸ್. ಒಟ್ಟು ಖರ್ಚು ೮,೭೩೮ ಡಾಲರು. ಅದೇ ವರ್ಷ ಅವರು ಅಧ್ಯಕ್ಷರಾಗಿ ಆರಿಸಿಬಂದುದರಿಂದ ಈ ಮನೆಗೆ ಪುಟ್ಟ ಶ್ವೇತಭವನವೆಂಬ ಹೆಸರು ಬಂದಿತು. ದೊಡ್ಡ ಹೆಸರನ್ನು ಕೇಳಿ ಹೋದವರಿಗೆ ಮನೆ ಆಶ್ಚರ್ಯ ಹುಟ್ಟಿಸುತ್ತದೆ. ಪೈನ್ ಮರದ ಗೋಡೆಗಳ ಆರೇ ಕೋಣೆ. ಪಡಸಾಲೆಯೇ ಊಟದ ಮನೆ. ಅಧ್ಯಕ್ಷರ ಮಲಗುವ ಕೋಣೆಯಲ್ಲಿ ಒಬ್ಬನಿಗೆ ಸಾಲುವಷ್ಟು ಕಿರಿದಾದ ಮಂಚ. ಹಿಂಬದಿಗೆ ಕಣಿವೆಯ ಕಾಡಿನತ್ತ ಚಾಚಿಕೊಂಡ ಜಗುಲಿ, ಹಡಗಿನ ಅಟ್ಟದ ಹಾಗೆ.

ಈ ಸಣ್ಣತನ ಬಡತನದಿಂದ ಬಂದುದಲ್ಲ. ಎಲ್ಲ ಕೋಣೆಗಳೂ ಒಂದೇ ಅಂತಸ್ತಿನಲ್ಲಿದ್ದು, ಮಂಚದಿಂದ ಮೇಜಿಗೆ, ಮೇಜಿನಿಂದ ಜಗುಲಿಗೆ ಗಾಲಿಯ ನಾಲ್ಕಾರು ಉರುಳು ಸಾಕು. ಸ್ಪ್ರಿಂಗ್‌ವುಡ್ಡಿನ ದೊಡ್ಡ ಮನೆಯಲ್ಲಿ ಹಗ್ಗ ಜಗ್ಗಬೇಕಾಗಿದ್ದವರಿಗೆ ಈ ಆರು ಕೋಣೆಗಳಲ್ಲಿ ಯಾರ ಹಂಗೂ ಬೇಕಾಗಲಿಲ್ಲ.

ಇಲ್ಲಿಯ ವಿದ್ಯುತ್ತಿನ ಬಿಲ್ಲು ಒಂದು ಚರಿತ್ರೆಗೆ ಕಾರಣವಾಯಿತು. ಯೂನಿಟ್ಟಿಗೆ ೧೮ ಸೆಂಟು ದರ; ಹೈಡ್ ಪಾರ್ಕಿನ ಮನೆಗೆ ಕೊಡುತ್ತಿದ್ದುದರ ಸುಮಾರು ನಾಲ್ಕರಷ್ಟು. ಹಳ್ಳಿಗರಿಗೆ ವಿದ್ಯುತ್ತು ಏಕೆ ಇಷ್ಟು ದುಬಾರಿ ಎಂದು ತಮ್ಮ ಚಿಂತನೆ ತೊಡಗಿದ್ದೇ ಆ ಬಿಲ್ಲಿನಿಂದ ಎಂದು ಅವರು ೧೯೩೮ರಲ್ಲಿ ಜಾರ್ಜಿಯಾದ ಬಾರ್ನ್ಸ್‌ವಿಲ್ ಊರಿನ ಭಾಷಣದಲ್ಲಿ ಹೇಳಿದರು. ಗ್ರಾಮಗಳಿಗೆ ವಿದ್ಯುತ್ತು ಒದಗಿಸುವ ಸರ್ಕಾರಿ ಸಂಸ್ಥೆಯನ್ನು ಅವರು ೧೯೩೫ರಲ್ಲಿಯೇ ಸ್ಥಾಪಿಸಿದ್ದರು. ರೋಗಿಯೊಬ್ಬನು ವಾಸಿಮಾಡಿಕೊಳ್ಳಲು ಬಂದ ಊರು ಅವನಿಗೆ ದೇಶವನ್ನು ತೋರಿಸಿಕೊಟ್ಟಿತು.

ಕುಳಿತವನ ಕಣ್ಣಿಗೆ ಕಟ್ಟಿದ ಮನೆ

ಜಾರ್ಜಿಯಾದಲ್ಲಿ ಕಲಿತ ಪಾಠ ಹುಟ್ಟೂರಿನಲ್ಲಿ ಫಲ ಕೊಟ್ಟಿತು. ಹೈಡ್ ಪಾರ್ಕಿನ ಹಿರಿಯ ಮನೆಯಿಂದ ಪೂರ್ವಕ್ಕೆ, ಕೆಲವು ಮೈಲಿಗಳಾಚೆ ಕಾಡು ತುಂಬಿದ ಒಂದು ಗುಡ್ಡವಿದೆ. ಅದರ ನೆತ್ತಿಯ ಮೇಲೆ ೧೯೩೮-೩೯ರಲ್ಲಿ ಎದ್ದ ಒರಟುಗಲ್ಲಿನ ಮನೆಯೇ ಟಾಪ್ ಕಾಟೇಜ್. ಇದರ ನಕ್ಷೆಯನ್ನು ಯೋಚಿಸಿದವರು ಸ್ವತಃ ರೂಸ್‌ವೆಲ್ಟರು. ಟೂಮ್ಸ್ ಅವರು ಸಹಾಯಕರು. ಅಧಿಕಾರದಲ್ಲಿದ್ದ ಅಧ್ಯಕ್ಷನೊಬ್ಬನು ತನಗಾಗಿ ತಾನೇ ರೂಪಿಸಿಕೊಂಡ ಮನೆಗಳು ಬಹು ವಿರಳ. ಗಾಲಿಕುರ್ಚಿಯ ಮೇಲಿನ ಮನುಷ್ಯನು ತನ್ನ ಅಳತೆಗೆ ತಾನೇ ಕಟ್ಟಿಸಿದ ಮನೆಗಳು ಆ ಕಾಲದಲ್ಲಿ ಇನ್ನೂ ವಿರಳ.

ಒಳಹೊಕ್ಕವರಿಗೆ ಮೊದಲು ಏನೂ ವಿಶೇಷ ಕಾಣಿಸುವುದಿಲ್ಲ. ಆಮೇಲೆ ಒಂದೊಂದೇ ಅರಿವಿಗೆ ಬರುತ್ತದೆ. ಬಾಗಿಲುಗಳಿಗೆ ಹೊಸ್ತಿಲಿಲ್ಲ, ಒಂದು ಕೋಣೆಯ ನೆಲ ಇನ್ನೊಂದಕ್ಕೆ ಹಾಗೆಯೇ ಹರಿದಿದೆ. ಬಾಗಿಲುಗಳು ಅಗಲ. ಕಿಟಕಿಗಳನ್ನು ತಗ್ಗಾಗಿ ಇಟ್ಟಿರುವುದರಿಂದ ಕುಳಿತವನ ಕಣ್ಣಿಗೂ ಹೊರಗಿನ ನೋಟ ತಡೆಯಿಲ್ಲದೆ ದೊರಕುತ್ತದೆ. ಜಗುಲಿಯಿಂದ ಅಂಗಳಕ್ಕೆ ಮೆಟ್ಟಿಲಿನ ಬದಲು ಮಣ್ಣಿನ ಇಳಿಜಾರು. ಹುಲ್ಲು ಬೆಳೆದು ಅದು ಗುಡ್ಡದ ಮೈಯೇ ಎನ್ನಿಸುತ್ತದೆ. ಅಂಗವಿಕಲರಿಗಾಗಿ ಕಟ್ಟಿದ ಮನೆಯೆಂದು ಯಾವುದೂ ಕೂಗಿ ಹೇಳುವುದಿಲ್ಲ. ನಡೆಯುವವನಿಗೆ ಇದರಿಂದ ಯಾವ ತೊಂದರೆಯೂ ಇಲ್ಲ, ನಡೆಯಲಾರದವನಿಗೆ ಸ್ವಾತಂತ್ರ್ಯ.

೧೯೩೯ರ ಜೂನ್ ೧೧ರಂದು ಬ್ರಿಟನ್ನಿನ ದೊರೆ ಆರನೆಯ ಜಾರ್ಜ್ ಮತ್ತು ರಾಣಿ ಎಲಿಜಬೆತ್ ಇದೇ ಮನೆಯ ಮುಂದೆ ವನಭೋಜನಕ್ಕೆ ಬಂದರು. ಅವರನ್ನು ಕಾರಿನಲ್ಲಿ ಸ್ವತಃ ಕರೆತಂದವರು ರೂಸ್‌ವೆಲ್ಟರು. ಎರಡೂ ಕೈಗಳಿಂದ ಹಿಡಿಗಳನ್ನು ಎಳೆಯುತ್ತ, ಮಾತನಾಡುತ್ತ, ತಿರುವುಗಳ ಗುಡ್ಡದ ದಾರಿಯಲ್ಲಿ ಅವರು ಕಾರು ಓಡಿಸಿದ ಬಗೆಗೆ ತನಗೆ ಎದೆ ನಡುಗಿತ್ತೆಂದು ರಾಣಿ ಎಷ್ಟೋ ವರ್ಷಗಳ ಮೇಲೆ ನೆನೆಸಿಕೊಂಡರು. ಕಾಲಿಲ್ಲದವನ ಸಾರಥ್ಯದಲ್ಲಿ ಚಕ್ರವರ್ತಿಗಳು ಗುಡ್ಡ ಏರಿದ ದಿನವದು.

ಇಷ್ಟಾದರೂ ಹೊರಜಗತ್ತಿನ ಮುಂದೆ ಅವರು ಗಾಲಿಕುರ್ಚಿಯನ್ನು ತೋರಿಸಿಕೊಳ್ಳಲಿಲ್ಲ. ಮಂಡಿಯಲ್ಲಿ ಬೀಗ ಹಾಕಿದ ಉಕ್ಕಿನ ಪಟ್ಟಿಗಳ ಮೇಲೆ ನೆಟ್ಟಗೆ ನಿಂತು, ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಮಗನ ತೋಳು ಹಿಡಿದು ನಡೆದಂತೆ ತೋರಿಸಿಕೊಂಡರು. ಅವರು ಗಾಲಿಕುರ್ಚಿಯಲ್ಲಿರುವ ಛಾಯಾಚಿತ್ರಗಳು ಕೈಬೆರಳಿನಿಂದ ಎಣಿಸುವಷ್ಟು. ಅವುಗಳಲ್ಲಿ ಪ್ರಸಿದ್ಧವಾದುದನ್ನು ಬಂಧುವಾದ ಮಾರ್ಗರೆಟ್ ಸಕ್ಲಿ ಎಂಬಾಕೆ ೧೯೪೧ರಲ್ಲಿ ತೆಗೆದದ್ದು ಟಾಪ್ ಕಾಟೇಜಿನ ಜಗುಲಿಯ ಮೇಲೆ. ಮಡಿಲಲ್ಲಿ ಅವರ ನಾಯಿ ಫಾಲಾ, ಪಕ್ಕದಲ್ಲಿ ಮನೆ ನೋಡಿಕೊಳ್ಳುವವರ ಮೊಮ್ಮಗಳು. ಅಡಗಿಸುವ ಗೊಡವೆಯಿಲ್ಲದ ಜಾಗದಲ್ಲಿ ಮನುಷ್ಯನ ಮುಖ ಎಷ್ಟು ನಿರಾಳವಾಗಿರುತ್ತದೆ ಎಂಬುದಕ್ಕೆ ಆ ಚಿತ್ರವೇ ಸಾಕ್ಷಿ. ವಾಷಿಂಗ್ಟನ್ನಿನಲ್ಲಿ ೧೯೯೭ರಲ್ಲಿ ತೆರೆದ ಅವರ ಸ್ಮಾರಕದಲ್ಲಿಯೂ ಗಾಲಿಕುರ್ಚಿ ಎದ್ದು ಕಾಣುವಂತಿರಲಿಲ್ಲ. ಅಂಗವಿಕಲರ ಸಂಘಗಳು ಪಟ್ಟುಹಿಡಿದ ಮೇಲೆ ೨೦೦೧ರಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತ ಪ್ರತಿಮೆಯೊಂದು ಅಲ್ಲಿ ಸೇರಿತು.

ಗುಡ್ಡದ ತುದಿಯ ಆಸನ

ಯುದ್ಧದ ಕೊನೆಯ ದಿನಗಳಲ್ಲಿ ಬಳಲಿ ಬೆಂಡಾದ ರೂಸ್‌ವೆಲ್ಟರು ವಿಶ್ರಾಂತಿಗಾಗಿ ಮತ್ತೆ ಜಾರ್ಜಿಯಾಕ್ಕೆ ಹೊರಟರು. ವಾರ್ಮ್ ಸ್ಪ್ರಿಂಗ್ಸಿನ ಹತ್ತಿರ ಪೈನ್ ಮೌಂಟನ್ನಿನ ಅಂಚಿನಲ್ಲಿ ಡೌಡೆಲ್ಸ್ ನಾಬ್ ಎಂಬ ಬಂಡೆಯ ಮೂಗು ಉಂಟು. ಕೆಳಗೆ ಹಸುರು ಕಣಿವೆ. ಅವರಿಗೆ ಅಲ್ಲಿ ವನಭೋಜನ ಮಾಡುವುದೆಂದರೆ ಬಲು ಪ್ರೀತಿ. ಕಾರಿನ ಆಸನವನ್ನೇ ಕಳಚಿ ನೆಲದ ಮೇಲಿಟ್ಟರೆ ಅವರಿಗೆ ಒರಗಿಕೊಳ್ಳುವ ಪೀಠ ಸಿದ್ಧ. ೧೯೪೫ರ ಏಪ್ರಿಲ್ ೧೦ರಂದು ಅವರು ಕೊನೆಯ ಸಲ ಅಲ್ಲಿಗೆ ಹೋಗಿ, ಬಹಳ ಹೊತ್ತು ಒಬ್ಬರೇ ಕಾರಿನಲ್ಲಿ ಕುಳಿತು ಕಣಿವೆಯನ್ನು ನೋಡುತ್ತಿದ್ದರು. ಏಪ್ರಿಲ್ ೧೨ರ ಮಧ್ಯಾಹ್ನ, ಪುಟ್ಟ ಶ್ವೇತಭವನದಲ್ಲಿ ಚಿತ್ರಕಾರ್ತಿ ಎಲಿಜಬೆತ್ ಶೂಮಟಾಫ್ ಅವರ ಭಾವಚಿತ್ರ ಬರೆಯುತ್ತಿದ್ದಾಗ, ಮಿದುಳಿನ ರಕ್ತಸ್ರಾವದಿಂದ ಕುಸಿದರು. ಮುಗಿಯದ ಆ ಚಿತ್ರ ಇಂದಿಗೂ ಅಲ್ಲಿದೆ. ಅವರಿಗೆ ಅಡುಗೆ ಮಾಡುತ್ತಿದ್ದ ಡೇಸಿ ಬಾನರ್, ಈ ಮನೆಯಲ್ಲಿ ಅಧ್ಯಕ್ಷರಿಗೆ ಮೊದಲ ಊಟವನ್ನೂ ಕೊನೆಯ ಊಟವನ್ನೂ ಬೇಯಿಸಿದವಳು ತಾನೆಂದು ಅಡುಗೆಮನೆಯ ಗೋಡೆಯ ಮೇಲೆ ಸೀಸದ ಕಡ್ಡಿಯಿಂದ ಬರೆದಿಟ್ಟಳು. ಬಂಡೆಯ ಮೇಲೆ ಈಗ ಅವರ ಪ್ರತಿಮೆ ಇದೆ: ಕಾರಿನ ಆಸನದ ಮೇಲೆ ಕುಳಿತ ಭಂಗಿ; ಕಾಲಿನ ಉಕ್ಕಿನ ಪಟ್ಟಿ ಎಲ್ಲರಿಗೂ ಕಾಣುವಂತಿದೆ.

ಒಬ್ಬ ಧನಿಕನಿಗೆ ಸಾಧ್ಯವಾದುದು ಸಾಮಾನ್ಯರಿಗೂ ದೊರೆಯತೊಡಗಿದ್ದು ಅವರ ತರುವಾಯ. ಯುದ್ಧದಿಂದ ಕಾಲು ಕಳೆದುಕೊಂಡು ಬಂದ ಸೈನಿಕರಿಗೆ ಕಾರು ಕೊಳ್ಳಲು ೧,೬೦೦ ಡಾಲರಿನವರೆಗೆ ನೆರವು ಕೊಡುವ ಕಾನೂನನ್ನು ಅಮೆರಿಕ ೧೯೪೬ರಲ್ಲಿ ಮಾಡಿತು. ೧೯೪೮ರಲ್ಲಿ ಇನ್ನೊಂದು ಕಾನೂನು, ಗಾಲಿಕುರ್ಚಿಗೆ ಒಗ್ಗುವ ಮನೆಯ ಖರ್ಚಿನಲ್ಲಿ ಅರ್ಧವನ್ನು, ೧೦,೦೦೦ ಡಾಲರು ಮೀರದಂತೆ, ಅಂಥ ಸೈನಿಕರಿಗೆ ಕೊಟ್ಟಿತು. ೧೯೬೧ರಲ್ಲಿ ಕಟ್ಟಡಗಳಿಗೆ ಮೊದಲ ಅಳತೆಪಟ್ಟಿ ಹೊರಬಂತು: ಒಂದು ಅಡಿ ಏರುವುದಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು, ಬಾಗಿಲಿಗೆ ಕಡಿಮೆಯೆಂದರೆ ೩೨ ಅಂಗುಲದ ತೆರಪು. ರೂಸ್‌ವೆಲ್ಟರು ೧೯೩೮ರಲ್ಲಿ ಸ್ಥಾಪಿಸಿದ ಪೋಲಿಯೊ ನಿಧಿಯ ಹಣದಿಂದ ಜೋನಾಸ್ ಸಾಕ್ ಸಿದ್ಧಪಡಿಸಿದ ಲಸಿಕೆ ಫಲಕಾರಿಯೆಂದು ಘೋಷಣೆಯಾದದ್ದು, ಅವರು ತೀರಿಕೊಂಡು ಸರಿಯಾಗಿ ಹತ್ತು ವರ್ಷಕ್ಕೆ, ೧೯೫೫ರ ಏಪ್ರಿಲ್ ೧೨ರಂದು. ಭಾರತವು ಸೇರಿದ ಆಗ್ನೇಯ ಏಷ್ಯಾ ವಲಯವು ೨೦೧೪ರ ಮಾರ್ಚ್ ೨೭ರಂದು ಪೋಲಿಯೊ ಮುಕ್ತವೆಂದು ಪ್ರಮಾಣಿತವಾಯಿತು.

ಹೊಸ್ತಿಲಿನ ಎರಡು ಕಡೆ

ಪೋಲಿಯೊ ಹೋದರೂ ಬಚ್ಚಲಲ್ಲಿ ಜಾರಿ ಬೀಳುವುದು, ಸ್ಕೂಟರಿನಿಂದ ಬಿದ್ದು ಕಾಲು ಮುರಿಯುವುದು ಹೋಗಿಲ್ಲ. ಹೈಡ್ ಪಾರ್ಕ್ ಮತ್ತು ವಾರ್ಮ್ ಸ್ಪ್ರಿಂಗ್ಸುಗಳಲ್ಲಿ ಕಂಡದ್ದು ಯಾವ ಸಂಸಾರಕ್ಕೂ ಉಪಯೋಗಕ್ಕೆ ಬರುವಂಥದು. ಪೂಜೆಗೊಳ್ಳುವ ಹೊಸ್ತಿಲನ್ನು ಅಗೆದು ತೆಗೆಯಬೇಕಾಗಿಲ್ಲ. ಬಡಗಿಯಿಂದ ಎರಡು ಬದಿಗೂ ಓರೆ ಹಲಗೆ ಮಾಡಿಸಿ ಇಟ್ಟರೆ ಗಾಲಿ ಸಲೀಸಾಗಿ ದಾಟೀತು. ಆರು ಅಂಗುಲದ ಮೆಟ್ಟಿಲಿಗೆ ಆರು ಅಡಿಯ ಹಲಗೆ ಬೇಕೆಂಬ ಲೆಕ್ಕ ಮರೆಯಬಾರದು. ಮಹಡಿಯ ಮೇಲಿನ ಮಂಚವನ್ನು ಕೆಳಗಿನ ಪಡಸಾಲೆಗೆ ತರುವುದು, ನಡೆಯುವ ದಾರಿಯ ಚಾಪೆ, ಜಮಖಾನಗಳನ್ನು ಸುತ್ತಿಡುವುದು, ಬಚ್ಚಲಲ್ಲಿ ಹಿಡಿಯುವ ಸರಳನ್ನೂ ಕೂರುವ ಎತ್ತರದ ಪೀಠವನ್ನೂ ಒದಗಿಸುವುದು, ನೀರಿನ ಚೊಂಬು, ಕನ್ನಡಕ, ಫೋನುಗಳನ್ನು ಕೈಗೆಟಕುವಂತೆ ಇಡುವುದು: ಇವಕ್ಕೆ ಹಣಕ್ಕಿಂತ ಗಮನ ಬೇಕು.

ಕಾರಿನ ವಿಷಯವೂ ಹಾಗೆಯೇ. ಮುಂದಿನ ಸೀಟನ್ನು ಆದಷ್ಟು ಹಿಂದಕ್ಕೆ ಸರಿಸಿ, ತಗ್ಗಾಗಿದ್ದರೆ ಗಟ್ಟಿ ದಿಂಬಿಟ್ಟು ಎತ್ತರಿಸಬೇಕು. ರೋಗಿಯು ಸೀಟಿಗೆ ಬೆನ್ನು ಮಾಡಿ ಮೊದಲು ಕುಳಿತು, ಆಮೇಲೆ ಎರಡು ಕಾಲುಗಳನ್ನೂ ಒಟ್ಟಿಗೆ ಒಳಕ್ಕೆ ತಂದುಕೊಳ್ಳಬೇಕು. ತಾನೇ ಕಾರು ನಡೆಸುವ ದಿನ ಯಾವುದೆಂಬುದನ್ನು ವೈದ್ಯರು ಹೇಳಲಿ. ಕಾಲಿನ ಬಲ ಮರಳದವರಿಗೆ ಕೈಹಿಡಿಗಳ ಕಾರು ಇಂದು ಭಾರತದಲ್ಲಿಯೂ ದೊರಕುತ್ತದೆ.

ಇವೆಲ್ಲಕ್ಕೂ ಮುಂಚೆ ಮನೆಯವರು ಒಂದು ಕೆಲಸ ಮಾಡಬೇಕು: ಮಲಗಿದವರನ್ನು ಕೇಳುವುದು. ಎಲ್ಲಿ ಕೂರಲು ಇಷ್ಟ, ಯಾವ ಕಿಟಕಿಯಿಂದ ನೋಡಲು ಇಷ್ಟ, ಯಾವ ಕೆಲಸವನ್ನು ಯಾರ ಸಹಾಯವೂ ಇಲ್ಲದೆ ತಾವೇ ಮಾಡಿಕೊಳ್ಳಬೇಕೆಂಬ ಆಸೆ? ಹಗ್ಗದ ಲಿಫ್ಟಿನಲ್ಲಿ ಒಬ್ಬರೇ ಏರಿಹೋದ ರೂಸ್‌ವೆಲ್ಟರಿಗೆ ಬೇಕಾಗಿದ್ದುದು ಹೆಚ್ಚು ಜನ ಸೇವಕರಲ್ಲ. ಕೈಗೆಟಕುವ ಒಂದು ಹಗ್ಗ.